ಹಳೇ ಬಸ್ಸಿಗೊಂದು ಚಿಲಕ

ಹೆಗಡೆಕಟ್ಟಾದಿಂದ ಶಿರಸಿಗೆ ಬಂದು, ರಾತ್ರಿ ಬಸ್ ಹಿಡಿದು, ಬೆಳಗಿನ ಜಾವ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದಿದ್ದೀರಾ? ಇಳಿದ ಕೂಡಲೇ ಏನು ಬೇಕಾಗುತ್ತೆ ಅಂತ ನಿಮಗೆ ಗೊತ್ತು. ಅಲ್ಲಿಗೇ ಆಮೇಲೆ ಬರ್ತೀನಿ.

ಬಸ್ಸನ್ನೇ ಮನೆ ಮಾಡ್ಕೊಳ್ಳೋದು ಅಂದ್ರೆ ರೀಲ್ಸ್ ನೆನಪಾಗುತ್ತೆ, ಅಲ್ವಾ? ಪರದೆ, ದಿಂಬು, ಸಣ್ಣ ಒಲೆ. ಇದು ಹಳೇ ಹುಚ್ಚು. 1964ರಲ್ಲಿ ಅಮೆರಿಕದ ಕಾದಂಬರಿಕಾರ ಕೆನ್ ಕೆಸಿ 1939ರ ಸ್ಕೂಲ್ ಬಸ್ಸೊಂದನ್ನು ಕೊಂಡು, ಬಣ್ಣ ಬಳಿದು, ಗೆಳೆಯರ ಜೊತೆ ದೇಶ ಸುತ್ತಿದ್ರು. ಆದ್ರೆ ಅದರೊಳಗೆ ಮಲಗೋ ಬಂಕು, ಅಡುಗೆಮನೆ ಮೊದಲೇ ಇದ್ವು. ಹಿಂದಿನ ಮಾಲೀಕರು ಹನ್ನೊಂದು ಮಕ್ಕಳ ಸಂಸಾರಕ್ಕೆ ಮಾಡಿಸಿದ್ದು! ಇತಿಹಾಸಕ್ಕೆ ನೆನಪಿರೋದು ಮಾತ್ರ ಆ ಬಣ್ಣ.

ನಮ್ಮಲ್ಲಿ? 2020ರ ಆಗಸ್ಟ್‌ನಲ್ಲಿ ಕೆಎಸ್‌ಆರ್‌ಟಿಸಿ ಗುಜರಿಗೆ ಹೋಗಬೇಕಿದ್ದ ಬಸ್ಸೊಂದನ್ನು ‘ಸ್ತ್ರೀ ಶೌಚಾಲಯ’ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಖರ್ಚು ಸುಮಾರು 12 ಲಕ್ಷ ರೂಪಾಯಿ. ಸೀಟುಗಳಿದ್ದ ಜಾಗದಲ್ಲಿ ಕಮೋಡು, ವಾಶ್‌ಬೇಸಿನ್, ಪ್ಯಾಡ್ ಕೊಡೋ ಮಷೀನು, ಮಗುವಿಗೆ ಹಾಲುಣಿಸೋಕೆ ಬೇರೆ ಜಾಗ, ಸೋಲಾರ್ ದೀಪ. ಮರುವರ್ಷ ಕೋವಿಡ್ ಎರಡನೇ ಅಲೆಯಲ್ಲಿ ಇನ್ನೊಂದು ಬಸ್ಸು ಐಸಿಯು ಆಯ್ತು.

ಶೌಚಾಲಯವನ್ನ ಮನೆ ಅಂತೀಯಲ್ಲ ಅಂತ ನಗಬೇಡಿ. ದಾರಿಯಲ್ಲಿ ತೊಂದರೆ ಆಗಬಾರದು ಅಂತ ಸಂಜೆಯಿಂದಲೇ ನೀರು ಬಿಟ್ಟು ಕೂತ ಹುಡುಗಿಯರನ್ನ ಕೇಳಿ. ಅಳೋ ಮಗು ಎತ್ಕೊಂಡು ಇಳಿದ ತಾಯಂದಿರನ್ನ ಕೇಳಿ. ಪರದೆ ಯಾವ ಬಣ್ಣದ್ದು ಅಂತ ಅವರು ನೋಡಲ್ಲ. ಒಳಗಿನಿಂದ ಚಿಲಕ ಬೀಳುತ್ತಾ ಅಂತ ಮೊದಲು ನೋಡ್ತಾರೆ.