ಎತ್ತರಿಸಿದ ಜೀಪಿನ ಸ್ಟೇರಿಂಗ್ ಹೊಯ್ದಾಟ: ಕಾರಣ ಮತ್ತು ಪರಿಹಾರ

ತಾಳವಾಡಿಯಿಂದ ಸತ್ಯಮಂಗಲದ ಕಡೆಗೆ ಇಳಿಯುವವರು ದಿಂಬಂ ಘಾಟಿಯ 27 ತಿರುವುಗಳನ್ನು ದಾಟಲೇಬೇಕು. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ರಸ್ತೆಯಲ್ಲಿ ಇಂಥ ತಿರುವುಗಳು 36. ವಯನಾಡಿನ ಕಾಫಿ ತೋಟಗಳಲ್ಲೂ ಕಾಸರಗೋಡಿನ ಗುಡ್ಡದ ದಾರಿಗಳಲ್ಲೂ ಆಳು, ಗೊಬ್ಬರ, ಅಡಿಕೆ ಮೂಟೆ ಹೊರುವುದು ಇಂದಿಗೂ ಜೀಪೇ. ಕಲ್ಲು, ಕೊರಕಲುಗಳಲ್ಲಿ ತಳ ತಾಗದಿರಲೆಂದು ಅನೇಕರು ಜೀಪನ್ನು ಒಂದೆರಡು ಇಂಚು ಎತ್ತರಿಸುತ್ತಾರೆ. ತೋಟದೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಡಾಂಬರು ರಸ್ತೆಗೆ ಬಂದು 50 ಕಿ.ಮೀ. ವೇಗ ದಾಟಿದೊಡನೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಅಲುಗಾಡಿಸಿದರೂ ಗಾಡಿ ಪಕ್ಕಕ್ಕೆ ಜಿಗಿಯುತ್ತದೆ, ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಘಾಟಿ ರಸ್ತೆಯಲ್ಲಿ ಇದು ಜೀವಕ್ಕೇ ಅಪಾಯ.

ಯಾವ ಗಾಡಿಗಳಲ್ಲಿ ಈ ತೊಂದರೆ?

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು. ಆ ವಂಶದ ಹಳೆಯ ಜೀಪುಗಳಲ್ಲಿಯೂ, 1985ರಲ್ಲಿ ಬಂದು 2019ರವರೆಗೆ ತಯಾರಾದ ಮಾರುತಿ ಜಿಪ್ಸಿಯಲ್ಲಿಯೂ ಮುಂದೆ ಇರುವುದು ಇಡೀ ಆಕ್ಸಲ್ ಮತ್ತು ಪ್ಲೇಟು ಸ್ಪ್ರಿಂಗ್. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಮ್ನಿಯಲ್ಲಿ ಇಡೀ ಆಕ್ಸಲ್ ಇದ್ದರೂ ಸುರುಳಿ ಸ್ಪ್ರಿಂಗ್ ಇದೆ. 2010ರ ಥಾರ್‌ನಲ್ಲಿ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ಎತ್ತರಿಸಿದಾಗ ಕೆಡುವುದು ಒಂದೊಂದರಲ್ಲಿ ಒಂದೊಂದು. ಗಡಿನಾಡಿನ ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ಲೇಟು ಸ್ಪ್ರಿಂಗ್ ಜೀಪಿನ ವಿಚಾರವನ್ನು ಇಲ್ಲಿ ಮುಖ್ಯವಾಗಿ ವಿವರಿಸಲಾಗಿದೆ.

ಮೂಲ ಕಾರಣ: ಕ್ಯಾಸ್ಟರ್

ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಮೇಲ್ಭಾಗ ಸವಾರನ ಕಡೆಗೆ ವಾಲಿರುವುದನ್ನು ಎಲ್ಲರೂ ನೋಡಿದ್ದಾರೆ. ಸೈಕಲ್ ನೇರವಾಗಿ ಓಡಲು ಈ ವಾಲುವಿಕೆಯೂ ಒಂದು ಕಾರಣ. ಜೀಪಿನಲ್ಲಿ ಚಕ್ರ ತಿರುಗುವ ಕಿಂಗ್‌ಪಿನ್ ಕೂಡ ಹೀಗೆಯೇ ಹಿಂದಕ್ಕೆ ವಾಲಿರುತ್ತದೆ. ಈ ಕೋನವೇ ಕ್ಯಾಸ್ಟರ್. ಹಳೆಯ ವಿಲ್ಲಿಸ್ ಮಾದರಿಗಳಲ್ಲಿ ಇದು ಸುಮಾರು 3 ಡಿಗ್ರಿ. ಕ್ಯಾಸ್ಟರ್ ಸಾಕಷ್ಟಿದ್ದರೆ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಕಡಿಮೆಯಾದರೆ ಸ್ಟೇರಿಂಗ್ ಹಗುರಾಗಿ ಗಾಡಿ ಅತ್ತಿತ್ತ ಹೊಯ್ದಾಡುತ್ತದೆ.

ಈ ಜೀಪುಗಳಲ್ಲಿ ಮುಂದಿನ ಸ್ಪ್ರಿಂಗಿನ ಹಿಂದಿನ ತುದಿ ಚಾಸಿಗೆ ಸ್ಥಿರವಾಗಿ ಸೇರಿದ್ದು, ಮುಂದಿನ ತುದಿ ಶ್ಯಾಕಲ್‌ನಲ್ಲಿ ತೂಗುತ್ತದೆ. ಕಡಿಮೆ ಖರ್ಚಿನಲ್ಲಿ ಎತ್ತರಿಸಲು ಉದ್ದದ ಶ್ಯಾಕಲ್ ಹಾಕುವುದು ರೂಢಿ. ಶ್ಯಾಕಲ್ 2 ಇಂಚು ಉದ್ದವಾದರೆ ಜೀಪು ಎತ್ತರವಾಗುವುದು ಸುಮಾರು 1 ಇಂಚು ಮಾತ್ರ. ಆದರೆ 36 ಇಂಚು ಉದ್ದದ ಸ್ಪ್ರಿಂಗಿನ ಮುಂದಿನ ತುದಿ 2 ಇಂಚು ಕೆಳಗಿಳಿದಾಗ ಆಕ್ಸಲ್ 3 ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಮುಂದಕ್ಕೆ ಉರುಳುತ್ತದೆ. ಅಂದರೆ ಒಂದು ಇಂಚು ಎತ್ತರಕ್ಕಾಗಿ ಇದ್ದ ಕ್ಯಾಸ್ಟರ್ ಎಲ್ಲವೂ ಹೋದಂತೆ.

ಹೊರೆಗೆಂದು ಹಿಂಬದಿಗೆ ಮಾತ್ರ ಹೆಚ್ಚುವರಿ ಪ್ಲೇಟು ಹಾಕುವುದೂ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 91 ಇಂಚು ಅಂತರವಿರುವ ಗಾಡಿಯ ಹಿಂಭಾಗ 2 ಇಂಚು ಎತ್ತರವಾದರೆ ಕ್ಯಾಸ್ಟರ್ ಸುಮಾರು ಒಂದೂಕಾಲು ಡಿಗ್ರಿ ಇಳಿಯುತ್ತದೆ.

ಎರಡನೆಯ ಕಾರಣ: ಡ್ರ್ಯಾಗ್ ಲಿಂಕ್

ಸ್ಟೇರಿಂಗ್ ಬಾಕ್ಸ್ ಚಾಸಿಯೊಂದಿಗೆ ಮೇಲೇರುತ್ತದೆ, ಆಕ್ಸಲ್ ಕೆಳಗೇ ಉಳಿಯುತ್ತದೆ. ಇವೆರಡರ ನಡುವೆ ಅಡ್ಡಲಾಗಿ ಸಾಗುವ ಡ್ರ್ಯಾಗ್ ಲಿಂಕ್ ಇರುವ ಗಾಡಿಗಳಲ್ಲಿ ಆ ಸರಳು ಮೊದಲಿಗಿಂತ ಕಡಿದಾಗಿ ನಿಲ್ಲುತ್ತದೆ. ಇದರಿಂದ ಎರಡು ತೊಂದರೆಗಳು. ಒಂದು, ಹಳ್ಳಕ್ಕೆ ಚಕ್ರ ಇಳಿದೆದ್ದಾಗಲೆಲ್ಲ ಸರಳು ಚಕ್ರವನ್ನು ತಳ್ಳಿ ಎಳೆಯುತ್ತದೆ. ಚಾಲಕ ತಿರುಗಿಸದಿದ್ದರೂ ಗಾಡಿ ತಿರುಗುತ್ತದೆ. ಎರಡು, ಚಕ್ರ ನೇರವಿದ್ದಾಗ ಸ್ಟೇರಿಂಗ್ ಬಾಕ್ಸ್ ತನ್ನ ನಡುಬಿಂದುವಿನಲ್ಲಿ ಇರುವುದಿಲ್ಲ. ಬಾಕ್ಸಿನ ಹಲ್ಲುಗಳು ಬಿಗಿಯಾಗಿ ಕೂಡುವುದು ನಡುಬಿಂದುವಿನಲ್ಲಿ. ಅಲ್ಲಿಂದ ಸರಿದರೆ ಸಡಿಲ ಹೆಚ್ಚುತ್ತದೆ.

ಮೊದಲು ನೋಡಬೇಕಾದದ್ದು

ಹೊಸ ಬಿಡಿಭಾಗ ಕೊಳ್ಳುವ ಮೊದಲು ಇರುವ ಭಾಗಗಳು ಸವೆದಿವೆಯೇ ಎಂದು ಪರೀಕ್ಷಿಸಬೇಕು. ಎತ್ತರಿಸುವ ಮೊದಲು ಅಡಗಿದ್ದ ಸವಕಳಿ ನಂತರ ಎದ್ದು ಕಾಣುತ್ತದೆ.

* ಎರಡೂ ಮುಂದಿನ ಟಯರ್‌ಗಳಲ್ಲಿ ಗಾಳಿ ಸಮನಾಗಿರಬೇಕು. ತೋಟದ ಹಾದಿಗೆಂದು ಗಾಳಿ ಇಳಿಸಿದ್ದರೆ ಡಾಂಬರು ರಸ್ತೆಗೆ ಬರುವ ಮೊದಲು ತುಂಬಿಸಬೇಕು.
* ಮುಂಭಾಗವನ್ನು ಜಾಕ್ ಹಾಕಿ ಎತ್ತಿ, ಆಕ್ಸಲ್ ಕೆಳಗೆ ಭದ್ರವಾದ ಸ್ಟ್ಯಾಂಡ್ ಇಡಬೇಕು. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಬೇಕು. ಸಡಿಲ ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಸಡಿಲ ಮಾಯವಾದರೆ ದೋಷ ಚಕ್ರದ ಬೇರಿಂಗಿನದು, ಉಳಿದರೆ ಕಿಂಗ್‌ಪಿನ್ನಿನದು.
* ಚಕ್ರದ ಎರಡು ಬದಿ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಟೈ ರಾಡ್ ಎಂಡ್‌ಗಳನ್ನು ನೋಡಬೇಕು.
* ಗಾಡಿ ನೆಲದ ಮೇಲಿರುವಾಗ ಒಬ್ಬರು ಸ್ಟೇರಿಂಗನ್ನು ಅತ್ತಿತ್ತ ಆಡಿಸುತ್ತಿರಲಿ, ಇನ್ನೊಬ್ಬರು ಪ್ರತಿ ಕೀಲನ್ನೂ ಬೆರಳಿನಿಂದ ಮುಟ್ಟಿ ನೋಡಲಿ. ಸ್ಟೇರಿಂಗ್ ಬಾಕ್ಸ್ ಚಾಸಿಯ ಮೇಲೆ ಅಲುಗುತ್ತಿದ್ದರೆ ಬೋಲ್ಟ್ ಸಡಿಲವಾಗಿದೆ ಅಥವಾ ಚಾಸಿ ಬಿರಿದಿದೆ.
* ಸ್ಪ್ರಿಂಗ್ ಬುಷ್ ಮತ್ತು ಯು-ಬೋಲ್ಟ್‌ಗಳನ್ನು ಪರೀಕ್ಷಿಸಬೇಕು.

ಟೋ ಅಳತೆ

ಮುಂದಿನ ಚಕ್ರಗಳು ಎದುರಿನಲ್ಲಿ ಒಂದಿಷ್ಟು ಒಳಮುಖವಾಗಿರಬೇಕು. ಹೊರಮುಖವಾದರೆ ಗಾಡಿ ಎರಡು ಕಡೆಗೂ ಹಾರುತ್ತದೆ. ಸಮತಟ್ಟು ನೆಲದಲ್ಲಿ ಎರಡೂ ಟಯರ್‌ಗಳ ಮುಂಭಾಗದಲ್ಲಿ, ಹಬ್ ಎತ್ತರಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಅಂತರ ಅಳೆಯಬೇಕು. ಗುರುತುಗಳು ಹಿಂದಕ್ಕೆ ಬರುವಂತೆ ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆಯಬೇಕು. ಮುಂದಿನ ಅಳತೆ ಹಿಂದಿನದಕ್ಕಿಂತ ಒಂದೆರಡು ಮಿ.ಮೀ. ಕಡಿಮೆ ಇದ್ದರೆ ಈ ಬಗೆಯ ಜೀಪುಗಳಿಗೆ ಸಾಮಾನ್ಯವಾಗಿ ಸರಿ. ಆಯಾ ಮಾದರಿಯ ಕೈಪಿಡಿಯ ಅಳತೆಯೇ ಅಂತಿಮ.

ಕ್ಯಾಸ್ಟರ್ ಮರಳಿ ತರುವುದು

ಚಕ್ರ ನೇರವಿಟ್ಟು, ಕಿಂಗ್‌ಪಿನ್ ಮೇಲಿನ ಸಮತಟ್ಟಾದ ಮುಚ್ಚಳದ ಮೇಲೆ ಕೋನಮಾಪಕ ಇಟ್ಟು ಮುಂದು-ಹಿಂದಿನ ಓರೆಯನ್ನು ನೋಡಿದರೆ ಕ್ಯಾಸ್ಟರಿನ ಅಂದಾಜು ಸಿಗುತ್ತದೆ. ಅಲೈನ್‌ಮೆಂಟ್ ಯಂತ್ರದಲ್ಲಿ ಖಚಿತ ಅಳತೆ ತಿಳಿಯುತ್ತದೆ.

ಒಳ್ಳೆಯ ಪರಿಹಾರವೆಂದರೆ ಉದ್ದದ ಶ್ಯಾಕಲ್ ತೆಗೆದು, ಮೂಲ ಅಳತೆಯ ಶ್ಯಾಕಲ್‌ನೊಂದಿಗೆ ಹೆಚ್ಚು ಬಾಗಿರುವ ಸರಿಯಾದ ಸ್ಪ್ರಿಂಗ್ ಹಾಕಿಸುವುದು. ಅದು ಸಾಧ್ಯವಿಲ್ಲದಿದ್ದರೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ಉಕ್ಕಿನ ಪ್ಲೇಟು ಇಡಬಹುದು. ಆಕ್ಸಲ್ ಸ್ಪ್ರಿಂಗಿನ ಮೇಲೆ ಕೂತಿದ್ದರೆ ಬೆಣೆಯ ದಪ್ಪ ತುದಿ ಗಾಡಿಯ ಮುಂದಕ್ಕೆ ಬರಬೇಕು. ಸ್ಪ್ರಿಂಗ್ ಆಕ್ಸಲಿನ ಮೇಲಿದ್ದರೆ ದಪ್ಪ ತುದಿ ಹಿಂದಕ್ಕೆ. ಕೂರಿಸಿದ ಮೇಲೆ ಕಿಂಗ್‌ಪಿನ್ನಿನ ಮೇಲ್ತುದಿ ಚಾಲಕನ ಕಡೆಗೆ ವಾಲಿರಬೇಕು. ತಿರುಗುಮುರುಗಾದರೆ ಹೊಯ್ದಾಟ ಇಮ್ಮಡಿಯಾಗುತ್ತದೆ.

ಬೆಣೆ ಎರಡು ಬದಿಗೂ ಒಂದೇ ಕೋನದ್ದಾಗಿರಬೇಕು. ಸ್ಪ್ರಿಂಗಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಗುಂಡಿಯಲ್ಲಿ ಪೂರ್ತಿ ಕೂರಬೇಕು. ಯು-ಬೋಲ್ಟ್ ಹೊಸದೇ ಇರಲಿ, ಸುಮಾರು 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಮಾಡಬೇಕು. ಕ್ಯಾಸ್ಟರ್ ಹೆಚ್ಚಿಸಿದಾಗ ಮುಂದಿನ ಡಿಫರೆನ್ಷಿಯಲ್‌ನ ಮೂತಿ ಕೆಳಗಿಳಿದು ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಹೆಚ್ಚು ಬಾಗುತ್ತದೆ. ಆದ್ದರಿಂದ ಅಗತ್ಯಕ್ಕಿಂತ ದಪ್ಪ ಬೆಣೆ ಹಾಕಬಾರದು.

ಜಿಮ್ನಿಯಂಥ ಗಾಡಿಗಳಲ್ಲಿ ಇದೇ ಕೆಲಸವನ್ನು ಆಕ್ಸಲ್ ಹಿಡಿದಿರುವ ತೋಳಿನ ವಿಶೇಷ ಬುಷ್‌ಗಳಿಂದ ಮಾಡಲಾಗುತ್ತದೆ. ಎತ್ತರಿಸಿದಾಗ ಅಡ್ಡ ಸರಳು ಆಕ್ಸಲನ್ನು ಒಂದು ಬದಿಗೆ ಸರಿಸುವುದರಿಂದ ಅದನ್ನೂ ಸರಿಪಡಿಸಬೇಕು. 2010ರ ಥಾರ್‌ನಲ್ಲಿ ಟಾರ್ಷನ್ ಬಾರ್ ಬಿಗಿದು ಎತ್ತರಿಸಿದರೆ ಟೋ ಮತ್ತು ಕ್ಯಾಂಬರ್ ಎರಡೂ ಬದಲಾಗುತ್ತವೆ. ಕೂಡಲೇ ಅಲೈನ್‌ಮೆಂಟ್ ಮಾಡಿಸಬೇಕು.

ಡ್ರ್ಯಾಗ್ ಲಿಂಕ್ ಸರಿಪಡಿಸುವುದು

ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಬೇಕು. ಇದು ಬಾಕ್ಸಿನ ನಡುಬಿಂದು. ಈ ಎಣಿಕೆ ಮಾಡುವಾಗ ಡ್ರ್ಯಾಗ್ ಲಿಂಕ್ ಬಿಚ್ಚಿರಬೇಕು, ಕೊನೆಗಳಲ್ಲಿ ಒತ್ತಡ ಹಾಕಬಾರದು. ನಂತರ ಚಕ್ರ ನೇರವಿಟ್ಟು ಲಿಂಕಿನ ಉದ್ದವನ್ನು ಹೊಂದಿಸಿ ಜೋಡಿಸಬೇಕು. ಲಿಂಕ್ ತೀರಾ ಕಡಿದಾಗಿದ್ದರೆ ಆ ಮಾದರಿಗೆಂದೇ ತಯಾರಾದ, ಕೆಳಕ್ಕೆ ಬಾಗಿದ ಪಿಟ್‌ಮನ್ ಆರ್ಮ್ ಬೇಕಾಗುತ್ತದೆ.

ಸ್ಟೇರಿಂಗಿನ ಯಾವ ಸರಳನ್ನೂ ಕಾಯಿಸಿ ಬಗ್ಗಿಸಬಾರದು, ಕತ್ತರಿಸಿ ವೆಲ್ಡ್ ಮಾಡಬಾರದು. ಅದು ತುಂಡಾದರೆ ಸ್ಟೇರಿಂಗ್ ತಿರುಗಿಸಿದರೂ ಚಕ್ರ ತಿರುಗುವುದಿಲ್ಲ. ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ನಡುಕ ಕೆಲಕಾಲ ಮರೆಯಾಗಬಹುದು, ಕಾರಣ ಉಳಿದೇ ಇರುತ್ತದೆ. ಹೊರಕ್ಕೆ ಚಾಚಿದ ಅಗಲದ ಡಿಸ್ಕ್ ಮತ್ತು ದೊಡ್ಡ ಟಯರ್ ಹಾಕಿದ್ದರೆ ಹಳೆಯ ಚಕ್ರಗಳನ್ನು ಹಾಕಿ ಓಡಿಸಿ ನೋಡುವುದು ಸುಲಭದ ಪರೀಕ್ಷೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಕಾಯ್ದೆ ಕೇಂದ್ರದ್ದಾದ್ದರಿಂದ ಗಡಿಯ ಎರಡೂ ಕಡೆಗೆ ನಿಯಮ ಒಂದೇ. ಎತ್ತರಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೆಲಸ ಮುಗಿದ ಮೇಲೆ

ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ, ಹೊರೆಯಿಲ್ಲದೆ, 30 ಕಿ.ಮೀ. ವೇಗದಿಂದ ಪರೀಕ್ಷೆ ಆರಂಭಿಸಬೇಕು. ತಿರುವು ಮುಗಿದಾಗ ಸ್ಟೇರಿಂಗ್ ತಾನಾಗಿ ಮರಳುತ್ತದೆಯೇ, ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆಯೇ ಎಂದು ಗಮನಿಸಬೇಕು. ನಂತರ ನಿತ್ಯದ ಹೊರೆ ಹಾಕಿ ಮತ್ತೊಮ್ಮೆ ನೋಡಬೇಕು. ಹೊರೆಯಿಂದ ಹಿಂಭಾಗ ತಗ್ಗಿದಾಗ ಕ್ಯಾಸ್ಟರ್ ಮತ್ತೆ ಬದಲಾಗುತ್ತದೆ. ಹೊರೆಯಿಲ್ಲದೆಯೂ ಹೊರೆಯೊಂದಿಗೂ ನೇರ ಓಡುವವರೆಗೆ ಜನರನ್ನು ಕೂರಿಸಿಕೊಂಡು ಘಾಟಿ ಇಳಿಯಬಾರದು.