ಕುಮಾನೋ ಬನದ ಗುಡಿ

ಜಪಾನಿನ ಹಳೆಯ ರಾಜಧಾನಿ ಕ್ಯೋಟೋದ ದಕ್ಷಿಣಕ್ಕೆ ಕೀ ಎಂಬ ಪರ್ಯಾಯದ್ವೀಪವಿದೆ. ಅಲ್ಲಿನ ಕಾಡುಬೆಟ್ಟಗಳ ನಡುವೆ ಇರುವ ಕುಮಾನೋ ಕ್ಷೇತ್ರಕ್ಕೆ ಸಾವಿರ ವರ್ಷಗಳಿಂದ ಯಾತ್ರಿಕರು ನಡೆದು ಹೋಗುತ್ತಿದ್ದಾರೆ. ಹನ್ನೆರಡನೆಯ ಶತಮಾನದ ಗೋ-ಶಿರಕಾವ ಚಕ್ರವರ್ತಿ ಪಟ್ಟ ಬಿಟ್ಟ ಮೇಲೆ ಮೂವತ್ತಕ್ಕೂ ಹೆಚ್ಚು ಸಲ ಈ ಯಾತ್ರೆ ಮಾಡಿದನು.

ದಾರಿಯುದ್ದಕ್ಕೂ ‘ಓಜಿ’ ಎಂದು ಕರೆಯುವ ಚಿಕ್ಕ ಗುಡಿಗಳಿವೆ. ನೋನಾಕಾ ಎಂಬ ಹಳ್ಳಿಯ ಓಜಿಗೆ ಹೋಗುವವರನ್ನು ಮೊದಲು ತಡೆದು ನಿಲ್ಲಿಸುವುದು ಗುಡಿಯಲ್ಲ, ಅದರ ಮುಂದಿನ ಸುಗಿ ಮರಗಳು. ದೇವದಾರುವಿನಂತೆ ನೆಟ್ಟಗೆ ಬೆಳೆದ ಈ ವೃದ್ಧ ವೃಕ್ಷಗಳ ಕೊಂಬೆಗಳೆಲ್ಲ ದಕ್ಷಿಣಕ್ಕೇ ಚಾಚಿವೆ. ಆ ದಿಕ್ಕಿನಲ್ಲಿ ನಾಚಿಯ ಜಲಪಾತವಿದೆ. 133 ಮೀಟರ್ ಧುಮುಕುವ ಆ ನೀರೇ ಅಲ್ಲಿ ದೇವರು. ಶಿಂತೋ ಮತದಲ್ಲಿ ದೈವವು ಮರದಲ್ಲಿ, ಬಂಡೆಯಲ್ಲಿ, ನೀರಿನಲ್ಲಿ ನೆಲೆಸಿರುತ್ತದೆ. ಬನವಿಲ್ಲದೆ ಗುಡಿಯಿಲ್ಲ.

ಸರಕಾರದ ಲೆಕ್ಕ ಬೇರೆಯಾಗಿತ್ತು. ಹಳ್ಳಿಗೊಂದು ಗುಡಿ ಸಾಕು, ಚಿಕ್ಕವನ್ನು ದೊಡ್ಡದರಲ್ಲಿ ವಿಲೀನಗೊಳಿಸಬೇಕು ಎಂಬ ನೀತಿ 1906ರಲ್ಲಿ ಜಾರಿಗೆ ಬಂತು. ಕೆಲವೇ ವರ್ಷಗಳಲ್ಲಿ ದೇಶದಾದ್ಯಂತ ಸುಮಾರು 70,000 ಗುಡಿಗಳು ಇಲ್ಲವಾದವು. ದೇವರು ಹೋದ ಮೇಲೆ ಬನಕ್ಕೆ ಕಾವಲೆಲ್ಲಿ? ಮರಗಳು ದಿಮ್ಮಿಗಳಾಗಿ ಮಾರಾಟವಾದವು.

ಇದನ್ನು ಎದುರಿಸಿದವರಲ್ಲಿ ಮುಖ್ಯನಾದವನು ಮಿನಕಾತ ಕುಮಗುಸು. 1867ರಲ್ಲಿ ಹುಟ್ಟಿದ ಈತ ಲಂಡನ್ನಿನಲ್ಲಿ ಎಂಟು ವರ್ಷ ಓದಿ ಬರೆದು, ತಾನಾಬೆ ಊರಿನಲ್ಲಿ ನೆಲೆಸಿದ್ದ ವಿದ್ವಾಂಸ. ಅಣಬೆ, ಪಾಚಿ, ಕೊಳೆತ ಮರದ ಮೇಲಿನ ಲೋಳೆಯಂಥ ಜೀವಿಗಳು ಅವನ ಅಧ್ಯಯನದ ವಸ್ತು. ಬನ ಕಡಿದರೆ ಹಕ್ಕಿಗಳು ಹೋಗುತ್ತವೆ, ಹಕ್ಕಿ ಹೋದರೆ ಹುಳುಗಳು ಪೈರನ್ನು ತಿನ್ನುತ್ತವೆ. ಗುಡಿ ಹೋದರೆ ಊರಿನ ಜನರ ಒಗ್ಗಟ್ಟೂ ಹೋಗುತ್ತದೆ — ಇದು ಅವನ ವಾದ. 1910ರಲ್ಲಿ ಅಧಿಕಾರಿಗಳಿದ್ದ ಸಭೆಯೊಂದಕ್ಕೆ ನುಗ್ಗಿ ಸೆರೆಯಾದನು. ಹದಿನೆಂಟು ದಿನಗಳ ಆ ಬಂಧನದಲ್ಲೂ ತನ್ನ ಪ್ರೀತಿಯ ಲೋಳೆಜೀವಿಯೊಂದನ್ನು ಕಂಡು ಸಂತೋಷಪಟ್ಟನಂತೆ!

ಮರುವರ್ಷ ಜಾನಪದ ವಿದ್ವಾಂಸ ಯಾನಗಿತ ಕುನಿಯೋ ಅವನ ಪತ್ರಗಳನ್ನು ಅಚ್ಚು ಹಾಕಿಸಿ ಹಂಚಿದನು. ದನಿಗೆ ದನಿ ಕೂಡಿತು. 1920ರಲ್ಲಿ ಸಂಸತ್ತಿನ ಮೇಲ್ಮನೆ ವಿಲೀನಕ್ಕೆ ವಿರುದ್ಧವಾಗಿ ನಿರ್ಣಯ ಮಾಡಿತು. ಅಷ್ಟರಲ್ಲಿ ಎಷ್ಟೋ ಬನಗಳು ಬಯಲಾಗಿದ್ದವು.

ನೋನಾಕಾದ ಸುಗಿಗಳಿಗೂ ಕೊಡಲಿ ಬೀಳುವುದರಲ್ಲಿತ್ತು. ಕುಮಗುಸುವಿನ ಹಟದಿಂದ ಕೆಲವು ಮಾತ್ರ ಉಳಿದವು. 2004ರಲ್ಲಿ ಈ ಯಾತ್ರಾಪಥ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದು ದೂರದೇಶಗಳಿಂದ ಬಂದವರೂ ಆ ಮರಗಳ ಕೆಳಗೆ ತಲೆಯೆತ್ತಿ ನಿಲ್ಲುತ್ತಾರೆ. ಗುಡಿಯನ್ನು ಮತ್ತೆ ಕಟ್ಟಬಹುದು. ಶತಮಾನಗಳ ಮರವನ್ನು ಕಟ್ಟಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ.