ಹಾರುಬೂದಿಯಿಂದ ಲೋಹ ಸಂಗ್ರಹ

ಹಾರುಬೂದಿಯಿಂದ ಲೋಹ ಸಂಗ್ರಹ: ಕಲ್ಲಿದ್ದಲು ಉರಿಸುವ ವಿದ್ಯುತ್ ಕೇಂದ್ರಗಳ ಬೂದಿಯಲ್ಲಿ ಉಳಿಯುವ ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂ, ಗ್ಯಾಲಿಯಂ ಹಾಗೂ ವಿರಳ ಭೂಧಾತುಗಳನ್ನು ಬೇರ್ಪಡಿಸುವ ವಿಧಾನ. ಚಿಮಣಿಗೆ ಸಾಗುವ ಹೊಗೆಯಿಂದ ವಿದ್ಯುದಾವೇಶದ ಫಲಕಗಳು ಹಿಡಿದಿಡುವ ಈ ನುಣುಪು ಬೂದಿಯ ಬಹುಭಾಗ ಸಿಲಿಕ. ನಂತರದ ಪಾಲು ಅಲ್ಯೂಮಿನದ್ದು. ಬೂದಿಕೆರೆಯ ನೀರಿನ ಮೇಲೆ ತೇಲುವ ಟೊಳ್ಳು ಗೋಲಕಣಗಳನ್ನು ಹಾಗೆಯೇ ಕೆನೆಯಂತೆ ತೆಗೆಯಬಹುದು. ಕಬ್ಬಿಣಾಂಶದ ಕಣಗಳನ್ನು ಅಯಸ್ಕಾಂತ ಸೆಳೆಯುತ್ತದೆ. ಅಲ್ಯೂಮಿನ ಅಷ್ಟು ಸುಲಭಕ್ಕೆ ಸಿಗದು: ಅದರಲ್ಲಿ ಹೆಚ್ಚಿನದು ಆಮ್ಲಕ್ಕೂ ಬೇಗ ಜಗ್ಗದ ಮುಲ್ಲೈಟ್ ಹರಳುಗಳಲ್ಲಿ ಸೇರಿರುವುದರಿಂದ, ಬೂದಿಯನ್ನು ಸುಣ್ಣಕಲ್ಲಿನೊಂದಿಗೆ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಟ್ಟು, ಬಳಿಕ ಸೋಡಾ ದ್ರಾವಣದಲ್ಲಿ ಕರಗಿಸಿ ಸೋಸುತ್ತಾರೆ. ಈ ಇಂಧನ ವೆಚ್ಚವೇ ಮುಖ್ಯ ತೊಡಕು; ಬಾಕ್ಸೈಟ್ ಹೇರಳವಾಗಿರುವಲ್ಲಿ ವಿಧಾನ ಲಾಭಕರವಲ್ಲ.

ಕರ್ನಾಟಕದಲ್ಲಿ ಇಂಥ ಬೂದಿಯ ಪ್ರಮುಖ ಮೂಲಗಳಲ್ಲಿ ಕೆಲವು ರಾಯಚೂರು ಜಿಲ್ಲೆಯ ಶಕ್ತಿನಗರ (1985ರಿಂದ, 1,720 ಮೆಗಾವ್ಯಾಟ್) ಮತ್ತು ಯರಮರಸ್ (1,600), ಬಳ್ಳಾರಿ ಜಿಲ್ಲೆಯ ಕುಡತಿನಿ (1,700). ಬೂದಿ ಹೆಚ್ಚಾಗಿ ಸಿಮೆಂಟ್, ಇಟ್ಟಿಗೆಗಳಿಗೆ ಹೋಗುತ್ತದೆ. ಅದರ ಪೂರ್ಣ ಬಳಕೆಯನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್ 31ರ ಅಧಿಸೂಚನೆಯಲ್ಲಿ ಕಡ್ಡಾಯಗೊಳಿಸಿತು.